ಲೋಳೆಸರದ ಹಳದಿ ರಸ ಹೊಟ್ಟೆಗೆ ಬೇಡ

ಶಿವಮೊಗ್ಗದ ಆಲ್ಕೊಳದಂಥ ಬಡಾವಣೆಗಳಲ್ಲಿ ತುಳಸಿ, ದೊಡ್ಡಪತ್ರೆಯ ಜತೆಗೆ ಲೋಳೆಸರದ ಕುಂಡವೂ ಇರುವುದು ಸಾಮಾನ್ಯ. ಕೈ ಸುಟ್ಟರೆ, ಕೂದಲು ಒರಟಾದರೆ ಒಂದು ಎಲೆ ಮುರಿದು ಹಚ್ಚುವುದು ಹಳೆಯ ರೂಢಿ. ಅದೇ ಎಲೆಯನ್ನು ಸಿಪ್ಪೆ ಸಮೇತ ಮಿಕ್ಸಿಗೆ ಹಾಕಿ, ಬೆಳಗ್ಗೆ ಖಾಲಿ ಹೊಟ್ಟೆಗೆ ಕುಡಿಯುವವರೂ ಈಗ ಇದ್ದಾರೆ. ಇದು ನಿಲ್ಲಬೇಕು.

ಎಲೆಯನ್ನು ಬುಡದಲ್ಲಿ ಕೊಯ್ದರೆ ಕಾರಣ ಕಣ್ಣಿಗೇ ಕಾಣುತ್ತದೆ. ಸಿಪ್ಪೆಯ ಅಂಚಿನಿಂದ ಹಳದಿ ರಸ ಒಸರುತ್ತದೆ, ನಾಲಿಗೆಗೆ ತಾಗಿದರೆ ಕಡುಕಹಿ. ನಡುವೆ ತಿಳಿಯಾದ ಲೋಳೆ. ಈ ಲೋಳೆಯಲ್ಲಿ ಶೇ 98ಕ್ಕೂ ಹೆಚ್ಚು ನೀರು. ಉಳಿದುದರಲ್ಲಿ ಅಸೆಮ್ಯಾನನ್ ಎಂಬ ಸಕ್ಕರೆಸರಪಳಿ ಮುಖ್ಯ. ಸಣ್ಣ ಸುಟ್ಟಗಾಯ ಬೇಗ ಮಾಯಲು ಲೋಳೆ ನೆರವಾಗುತ್ತದೆಂದು ಕೆಲವು ಪ್ರಯೋಗಗಳು ತೋರಿಸಿವೆ.

ಹಳದಿ ರಸದ ಸ್ವಭಾವವೇ ಬೇರೆ. ಅದರಲ್ಲಿರುವ ಅಲೋಯಿನ್ ದೊಡ್ಡ ಕರುಳು ತಲುಪಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಪ್ರಬಲ ಭೇದಿಕಾರಕವಾಗಿ ಮಾರ್ಪಡಿಸುತ್ತವೆ. ಕರುಳು ನೀರು ಹೀರುವುದು ಕುಗ್ಗುತ್ತದೆ, ಹೊಟ್ಟೆ ನುಲಿಯುತ್ತದೆ, ಪೊಟ್ಯಾಸಿಯಂ ಸೋರಿಹೋಗುತ್ತದೆ. ಬಸುರಿಯರು, ಮೂತ್ರಪಿಂಡದ ತೊಂದರೆ ಇರುವವರು, ಹೃದಯಕ್ಕೆ ಡಿಗಾಕ್ಸಿನ್ ಮಾತ್ರೆ ನುಂಗುವವರು ಇದರ ಹತ್ತಿರವೂ ಸುಳಿಯಬಾರದು.

ಅಮೆರಿಕದಲ್ಲಿ ಇಡೀ ಎಲೆಯ ಸಾರವನ್ನು ಎರಡು ವರ್ಷ ಕುಡಿಸಿದ ಇಲಿಗಳ ದೊಡ್ಡ ಕರುಳಿನಲ್ಲಿ ಗಡ್ಡೆಗಳು ಕಂಡವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಆ ಸಾರವನ್ನು ‘ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರುವ’ 2ಬಿ ಗುಂಪಿಗೆ ಸೇರಿಸಿತು. ಅಮೆರಿಕದ ಔಷಧ ನಿಯಂತ್ರಕರು ವೈದ್ಯರ ಚೀಟಿಯಿಲ್ಲದೆ ಮಾರುವ ಭೇದಿ ಔಷಧಗಳಿಂದ ಲೋಳೆಸರವನ್ನು (ಅಲೋ) 2002ರಲ್ಲೇ ಹೊರಗಿಟ್ಟಿದ್ದರು. ಇಲಿಗಾದದ್ದು ಮನುಷ್ಯರಿಗೂ ಆಗಿಯೇ ತೀರುತ್ತದೆ ಎಂದಲ್ಲ. ಆದರೆ ನಿತ್ಯವೂ ಕುಡಿಯುವವರು ಇದನ್ನು ತಿಳಿದಿರಬೇಕು.

ಆಯುರ್ವೇದವೂ ಹಳದಿ ರಸವನ್ನು ಲೋಟಗಟ್ಟಲೆ ಕುಡಿಯಿರಿ ಎನ್ನುವುದಿಲ್ಲ. ಒಣಗಿಸಿದ ರಸವಾದ ಕನ್ಯಾಸಾರವನ್ನು ರಜಃಪ್ರವರ್ತಿನಿ ವಟಿಯಂಥ ಗುಳಿಗೆಗಳಲ್ಲಿ ಅಳತೆಯಿಟ್ಟು, ವೈದ್ಯರ ಕಣ್ಗಾವಲಿನಲ್ಲಿ ಕೊಡುವ ಪದ್ಧತಿ ಅದರದ್ದು.

ಮನೆಯಲ್ಲಿ ಬಳಸುವವರು ಎಲೆಯ ಕೊಯ್ದ ತುದಿಯನ್ನು ಕೆಳಮುಖವಾಗಿಟ್ಟು ಹಳದಿ ರಸವನ್ನು ಬಸಿಯಲಿ, ಸಿಪ್ಪೆಯನ್ನು ದಪ್ಪವಾಗಿ ಹೆರೆದು ಲೋಳೆಯನ್ನು ತೊಳೆದು ಚರ್ಮಕ್ಕೆ ಹಚ್ಚಲಿ. ಬಾಟಲಿಯಲ್ಲಿ ಬರುವ ರಸದ ವಿಷಯದಲ್ಲಿ ಗಿರಾಕಿಗೆ ಈ ಉಪಾಯವಿಲ್ಲ. ಕುಡಿಯುವ ಉತ್ಪನ್ನದಲ್ಲಿ ಅಲೋಯಿನ್ ಹತ್ತು ಲಕ್ಷಕ್ಕೆ 10 ಭಾಗ ಮೀರಬಾರದೆಂಬ ಮಿತಿಯನ್ನು ಅಂತರರಾಷ್ಟ್ರೀಯ ಅಲೋ ಉದ್ಯಮವೇ ಹಾಕಿಕೊಂಡಿದೆ. ಅಲೋಯಿನ್ ಪ್ರಮಾಣವನ್ನು ಲೇಬಲ್ ಮೇಲೆ ಅಚ್ಚು ಹಾಕುವುದನ್ನು ಇಲ್ಲಿನ ಸರ್ಕಾರ ಕಡ್ಡಾಯ ಮಾಡಲಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವೂ ಶಿವಮೊಗ್ಗದ ಆಯುರ್ವೇದ ಕಾಲೇಜುಗಳೂ ಕೈಜೋಡಿಸಿ ಪೇಟೆಯ ಬಾಟಲಿಗಳನ್ನು ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲೇ ಜನರ ಮುಂದಿಡಲಿ.