ಕಿವಿ ತೆರೆದು ಮಲಗುವ ಯಂತ್ರ

ಲಾಸಲಗಾಂವ್ ಎಂದೊಡನೆ ನಮ್ಮ ಗೃಹಿಣಿಯರಿಗೆ ಉಳ್ಳಾಗಡ್ಡಿಯ ದರ ನೆನಪಾಗುವುದು ಸಹಜ. 1947ರಲ್ಲಿ ಸ್ಥಾಪನೆಯಾದ ಅಲ್ಲಿಯ ಮಾರುಕಟ್ಟೆಯ ಹರಾಜಿನ ಬಿಸಿ ದೂರದೂರದ ಅಡಿಗೆಮನೆಗಳಿಗೂ ತಟ್ಟುತ್ತದೆ. ಆ ಊರಿನಲ್ಲೊಂದು ದಲಾಲಿ ಅಂಗಡಿಯನ್ನು ಊಹಿಸಿಕೊಳ್ಳಿ. ಲೆಕ್ಕದ ಕಂಪ್ಯೂಟರ್ ಇರುವುದು ಅಂಗಡಿಯಲ್ಲಿ. ಲೆಕ್ಕ ನೋಡುವ ನಮ್ಮವರೊಬ್ಬರು ಇರುವುದು ಸುಮಾರು 60 ಕಿಲೋಮೀಟರು ದೂರದ ನಾಶಿಕದಲ್ಲಿ. ರಾತ್ರಿ ಹತ್ತಕ್ಕೆ ರೈತನೊಬ್ಬನ ಬಾಕಿ ತಿಳಿಯಬೇಕಾಗಿದೆ, ಯಂತ್ರವೋ ನಿದ್ರಿಸುತ್ತಿದೆ. ಗುಂಡಿ ಒತ್ತಲು ಯಾರು ಓಡಬೇಕು?

‘ವೇಕ್ ಆನ್ ಲ್ಯಾನ್’ ಎಂಬ ಏರ್ಪಾಡು ಇದಕ್ಕೆಂದೇ ಹುಟ್ಟಿತು. 1990ರ ದಶಕದ ನಡುವಿನಲ್ಲಿ ಎ.ಎಂ.ಡಿ. ಮತ್ತು ಹ್ಯೂಲೆಟ್ ಪ್ಯಾಕರ್ಡ್ ಕಂಪನಿಗಳು ರೂಪಿಸಿದ ‘ಮ್ಯಾಜಿಕ್ ಪ್ಯಾಕೆಟ್’ ಇದರ ಕರೆ. ಗಮನ ಸೆಳೆಯಲು ಮೊದಲು ಆರು ಬೈಟು. ಅನಂತರ ಮಲಗಿದ ಈಥರ್ನೆಟ್ ಕಾರ್ಡಿನ ಆರು ಬೈಟಿನ ವಿಳಾಸ, ಹದಿನಾರು ಸಲ. ಒಟ್ಟು 102 ಬೈಟು. ಹೆಸರು ಹಿಡಿದು ಹದಿನಾರು ಸಲ ಕೂಗಿದರೆ ಕುಂಭಕರ್ಣನೂ ಎದ್ದಾನು!

ಆದರೆ ಕೂಗಿದರೆ ಸಾಲದು, ಕೇಳಬೇಕಲ್ಲ? ಕಾರ್ಡನ್ನು ನಡೆಸುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ಈ ಸೌಕರ್ಯವಿಲ್ಲದ ಡ್ರೈವರಿಗೆ ಅದನ್ನು ಸೇರಿಸಲು ಹೊರಟವರು ಎಬ್ಬಿಸುವ ಮಾತನ್ನೇ ಚಿಂತಿಸುತ್ತಾರೆ. ನಿಜವಾದ ಕೆಲಸವಿರುವುದು ಮಲಗಿಸುವಲ್ಲಿ. ಲಿನಕ್ಸಿನಲ್ಲಿ ‘ಈಥ್‌ಟೂಲ್’ ಎಂಬ ಸಾಧನ ಡ್ರೈವರನ್ನು ಎರಡು ಮಾತು ಕೇಳುತ್ತದೆ: ಯಾವ ಕರೆಗೆ ಏಳಬಲ್ಲೆ? ಈಗ ಯಾವುದಕ್ಕೆ ಏಳಬೇಕು? ಈ ಎರಡಕ್ಕೆ ಉತ್ತರ ಬರೆಯುವುದು ಸುಲಭ. ಅಷ್ಟಕ್ಕೇ ನಿಲ್ಲಿಸಿದರೆ ಡ್ರೈವರ್ ಬಾಯಲ್ಲಿ ಹೂಂ ಎಂದು ಮಲಗಿಬಿಡುತ್ತದೆ. ಮಲಗುವ ಹೊತ್ತಿಗೆ ಎಲ್ಲ ದೀಪ ಆರಿಸುವುದು ಅದರ ಹಳೆಯ ರೂಢಿ: ಸ್ವೀಕಾರ ನಿಲ್ಲಿಸುವುದು, ತಂತಿಯೊಡನೆ ಮಾತಾಡುವ ಚಿಪ್ಪಿನ ವಿದ್ಯುತ್ತನ್ನೂ ಕಡಿಯುವುದು. ಆಜ್ಞೆ ಇದ್ದಾಗ ಇವೆರಡನ್ನೂ ಬಿಟ್ಟುಕೊಡಬೇಕು. ಮ್ಯಾಜಿಕ್ ಪ್ಯಾಕೆಟ್ ಗುರುತಿಸುವ ಸ್ವಿಚ್ಚನ್ನು ಕಾರ್ಡಿನೊಳಗೆ ಹಾಕಬೇಕು. ಈ ಸಾಧನ ಎಬ್ಬಿಸಬಲ್ಲದೆಂದು ಕರ್ನೆಲ್ಲಿಗೆ ತಿಳಿಸಬೇಕು. ಎದ್ದ ಮೇಲೆ ಸ್ವಿಚ್ಚನ್ನು ಮತ್ತೆ ತೆಗೆಯಬೇಕು. ಹಾರ್ಡ್‌ವೇರಿಗೆ ಬಾರದ ವಿದ್ಯೆಯನ್ನು ಡ್ರೈವರ್ ಬರುತ್ತದೆಂದು ಹೇಳಿಕೊಳ್ಳಕೂಡದು. ಇದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ, ಏಕೆಂದರೆ ಸುಳ್ಳು ಬಯಲಾಗುವುದು ಅಂಗಡಿ ಬೀಗ ಹಾಕಿದ ಮೇಲೆಯೇ.

ಇಷ್ಟಾದರೂ ನಾಶಿಕದವರು ನೇರವಾಗಿ ಕೂಗುವಂತಿಲ್ಲ. ಈ ಕರೆ ಸಾಮಾನ್ಯವಾಗಿ ಒಂದೇ ಜಾಲದೊಳಗೆ ಸಲ್ಲುವಂಥದು. ರೌಟರನ್ನು ತಾನಾಗಿ ದಾಟದು. ಅಂಗಡಿಯಲ್ಲೇ ಸದಾ ಎಚ್ಚರವಿರುವ ಪುಟ್ಟ ಯಂತ್ರವೊಂದು ನಾಶಿಕದ ಮಾತು ಕೇಳಿ ಅಲ್ಲಿಂದ ಕೂಗಬೇಕು. ಇನ್ನು ಕರೆಂಟು ಪೂರ್ತಿ ಹೋದರೆ ಮಲಗಿದ ಕಾರ್ಡಿಗೂ ಕಿವಿಯಿಲ್ಲ. ಎಷ್ಟೋ ಯಂತ್ರಗಳು ಕರೆಂಟು ಮರಳಿದ ಮೇಲೂ ಒಮ್ಮೆ ಗುಂಡಿ ಒತ್ತಿ ಎಬ್ಬಿಸುವವರೆಗೆ ಕರೆಗೆ ಓಗೊಡವು. ಅಂಥ ಅಂಗಡಿಗೆ ಡ್ರೈವರ್ ತಿದ್ದುವ ಮೊದಲೇ ಒಂದು ಯು.ಪಿ.ಎಸ್. ತರಿಸಿಕೊಳ್ಳುವುದು ಲೇಸು.