ಎಂಜಿನ್ನಿನ ಬಡಿತ ಮತ್ತು ನಮ್ಮ ಕಿವುಡು

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಕಾರಿನಲ್ಲಿ ನನ್ನನ್ನು ಕರೆದೊಯ್ದ. ಟರ್ಬೊ ಇರುವ ಪೆಟ್ರೋಲ್ ಕಾರು; ಅದರ ಕಂಪ್ಯೂಟರಿನ ಲೆಕ್ಕಗಳನ್ನು ತಿದ್ದಿಸಿ ಶಕ್ತಿ ಹೆಚ್ಚಿಸಿಕೊಂಡಿದ್ದನಂತೆ. ಏರುದಾರಿಯಲ್ಲಿ, ಡಬ್ಬಿಯೊಳಗೆ ಗೋಲಿ ಹಾಕಿ ಅಲುಗಾಡಿಸಿದಂಥ ಸದ್ದು ಕೇಳಿಸಿತು. "ಏನಪ್ಪಾ ಇದು?" ಎಂದೆ. "ಟರ್ಬೊ ಗಾಡೀಲಿ ಅಷ್ಟು ಇದ್ದದ್ದೇ ಸಾರ್, ಗ್ಯಾರೇಜಿನವರೇ ಹೇಳಿದಾರೆ" ಎಂದ. ಮೂರು ವಾರ ಕಳೆಯುವುದರೊಳಗೆ ಪಿಸ್ಟನ್ನಿನಲ್ಲಿ ಉಂಗುರಗಳ ನಡುವಣ ಅಂಚು ಮುರಿದು ಎಂಜಿನ್ ಬಿಚ್ಚಬೇಕಾಯಿತು. ತಂಗಿಯ ಮದುವೆಗೆಂದು ಕೂಡಿಟ್ಟ ಹಣ ಅದಕ್ಕೆ ಹೋಯಿತು.

ನನ್ನ ಸಿಟ್ಟು ಆ "ಇದ್ದದ್ದೇ" ಎಂಬ ಮಾತಿನ ಮೇಲೆ.

ಕಿಡಿ ತಾಕಿದೊಡನೆ ಪೆಟ್ರೋಲ್ ಸ್ಫೋಟಿಸುತ್ತದೆಂದು ಶಾಲೆಯಲ್ಲಿ ಹೇಳಿಕೊಟ್ಟವರು ನಾವೇ. ತಪ್ಪು ನಮ್ಮದೂ ಹೌದು. ಅದು ಸ್ಫೋಟಿಸಬಾರದು, ಉರಿಯಬೇಕು. ಪ್ಲಗ್ಗಿನ ಬಳಿ ಹುಟ್ಟಿದ ಜ್ವಾಲೆ ಸಿಲಿಂಡರಿನ ಗೋಡೆ ಮುಟ್ಟಲು ಒಂದೆರಡು ಮಿಲಿಸೆಕೆಂಡು ಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಎರಡು ಮಿಲಿಸೆಕೆಂಡೆಂದರೆ ಕ್ರ್ಯಾಂಕಿನ 36 ಡಿಗ್ರಿ. ಆದ್ದರಿಂದಲೇ ಪಿಸ್ಟನ್ ಮೇಲ್ತುದಿ ತಲುಪುವ ಮೊದಲೇ ಕಿಡಿ ಕೊಡುವುದು. ತೀರ ಮುಂಚೆ ಕೊಟ್ಟರೆ, ಏರಿ ಬರುತ್ತಿರುವ ಪಿಸ್ಟನ್ನೂ ಹಿಗ್ಗುತ್ತಿರುವ ಜ್ವಾಲೆಯೂ ಸೇರಿ, ಮೂಲೆಯಲ್ಲಿ ಇನ್ನೂ ಉರಿಯದೆ ಉಳಿದ ಮಿಶ್ರಣವನ್ನು ಹಿಂಡಿ ಕಾಯಿಸುತ್ತವೆ. ಅದು ಜ್ವಾಲೆಗೆ ಕಾಯದೆ ತಾನೇ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಒತ್ತಡದ ಅಲೆಗಳು ಸಿಲಿಂಡರಿನೊಳಗೆ ಅಪ್ಪಳಿಸುತ್ತವೆ. ಲೋಹಕ್ಕೆ ಅಂಟಿಕೊಂಡು ಅದನ್ನು ಕಾಯುವ ತೆಳುವಾದ ತಂಪು ಪದರವೂ ಕಿತ್ತುಹೋಗಿ ಬಿಸಿ ನೇರವಾಗಿ ಪಿಸ್ಟನ್ನಿಗೆ ಇಳಿಯುತ್ತದೆ. ನಾವು ಕೇಳುವ ಬಡಿತ ಇದು.

ಟರ್ಬೊ ಇದನ್ನು ಇನ್ನಷ್ಟು ಸೂಕ್ಷ್ಮಗೊಳಿಸುತ್ತದೆ. ಒತ್ತಿದ ಗಾಳಿ ಬಿಸಿಯಾಗುವುದನ್ನು ಸೈಕಲ್ ಪಂಪ್ ಹಿಡಿದ ಹುಡುಗನೂ ಬಲ್ಲ. 27 ಡಿಗ್ರಿಯ ಗಾಳಿಯನ್ನು ಎರಡುಪಟ್ಟು ಒತ್ತಡಕ್ಕೆ ಏರಿಸಿದರೆ, ಯಾವ ನಷ್ಟವೂ ಇಲ್ಲದ ಯಂತ್ರದಲ್ಲೇ 90 ಡಿಗ್ರಿ ಮೀರುತ್ತದೆ. ಇಂಟರ್‌ಕೂಲರ್ ಇರುವುದು ಅದನ್ನು ತಣಿಸಲು. ಗಾಳಿಯ ಒತ್ತಡ ಹೆಚ್ಚಿಸಿದವನು ಕಿಡಿಯನ್ನು ತಡಮಾಡಬೇಕು. ನಮ್ಮ ಗ್ಯಾರೇಜಿನವರು ಎರಡನ್ನೂ ಮುಂದಕ್ಕೆ ತಳ್ಳಿದ್ದರು.

ಅದಕ್ಕಿಂತ ಕೆಟ್ಟದ್ದು ಬಿಚ್ಚಿದ ಮೇಲೆ ತಿಳಿಯಿತು. ಬಡಿತವನ್ನು ಆಲಿಸಿ ಕಿಡಿಯನ್ನು ಹಿಂದಕ್ಕೆ ಸರಿಸಲೆಂದೇ ಎಂಜಿನ್ನಿನ ಮೈಗೆ ಒಂದು ಸೆನ್ಸರ್ ಇರುತ್ತದೆ. "ಅದು ಸುಮ್ಮನೆ ಶಕ್ತಿ ಕಡಿಮೆ ಮಾಡ್ತದೆ" ಎಂದು ಕಂಪ್ಯೂಟರಿನಲ್ಲಿ ಅದರ ಮಾತಿಗೆ ಬೆಲೆಯೇ ಇಲ್ಲದಂತೆ ಮಾಡಿದ್ದರು!

ಬಡಿತದ ಕಾರಣ ಬಿಟ್ಟು ಸದ್ದನ್ನಷ್ಟೇ ಅಡಗಿಸುವ ಚಪಲ ಹಳೆಯದು. 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಸೀಸದ ಸಂಯುಕ್ತವೊಂದನ್ನು ಪೆಟ್ರೋಲಿಗೆ ಬೆರೆಸಿ ಬಡಿತ ನಿಲ್ಲಿಸಿದ. ಆಲ್ಕೋಹಾಲಿನಿಂದಲೂ ಅದು ಸಾಧ್ಯವೆಂದು ಆಗಲೇ ಗೊತ್ತಿತ್ತು. ಆದರೂ ನಮ್ಮ ದೇಶದಲ್ಲಿ ಸೀಸ ನಿಂತದ್ದು 2000ದಲ್ಲಿ, ಕೊನೆಯದಾಗಿ ಅಲ್ಜೀರಿಯಾದಲ್ಲಿ 2021ರಲ್ಲಿ. ಅಲ್ಲಿಯವರೆಗೆ ಅದನ್ನು ಉಸಿರಾಡಿದವರು ಮಕ್ಕಳು.

"ಕಂಪನಿಯವರು ಶಕ್ತಿಯನ್ನು ಬಚ್ಚಿಟ್ಟಿರುತ್ತಾರೆ, ನಾವು ಹೊರತೆಗೆಯುತ್ತೇವೆ" ಎಂಬುದು ಇವರ ವಾದ. ಬಚ್ಚಿಟ್ಟದ್ದಲ್ಲ ಸ್ವಾಮಿ, ಉಳಿಸಿಟ್ಟದ್ದು: ಏಪ್ರಿಲ್ ತಿಂಗಳ ರಾಯಚೂರಿನ ಬಿಸಿಲಿಗೆ, ನಾಲ್ಕು ಜನ ಹೊತ್ತು ಆಗುಂಬೆ ಹತ್ತುವುದಕ್ಕೆ, ಎಲ್ಲೋ ತುಂಬಿಸಿಕೊಂಡ ಕಳಪೆ ಪೆಟ್ರೋಲಿಗೆ. ಮಾರ್ಪಾಡೇ ಕೂಡದೆಂದು ನಾನು ಹೇಳುತ್ತಿಲ್ಲ. ಹೆಚ್ಚು ಆಕ್ಟೇನಿನ ಇಂಧನ, ದೊಡ್ಡ ಇಂಟರ್‌ಕೂಲರ್ ಹಾಕಿ, ಒಂದೊಂದೇ ಡಿಗ್ರಿ ಸರಿಸಿ, ಪ್ರತಿ ಬಾರಿಯೂ ಬಡಿತವನ್ನು ಅಳೆದು ಮಾಡುವವರಿದ್ದಾರೆ. ಅವರ ಕೆಲಸಕ್ಕೆ ನನ್ನ ಗೌರವವಿದೆ. ಅಳೆದದ್ದನ್ನು ಅವರು ಬರೆದಿಟ್ಟಿರುತ್ತಾರೆ.

ಕಿಡಿಯನ್ನು ಎಷ್ಟು ಡಿಗ್ರಿ ಮುಂದಕ್ಕೆ ತಂದಿರಿ ಎಂದು ಆ ಗ್ಯಾರೇಜಿಗೆ ಪತ್ರ ಬರೆಯುವಂತೆ ಹುಡುಗನಿಗೆ ಹೇಳಿದೆ. ಬರೆದ. ಉತ್ತರ ಇನ್ನೂ ಬಂದಿಲ್ಲ.