ಗೈಡಿನ ತಾಯಿ

ರಾತ್ರಿ ಊಟದ ಪಾತ್ರೆ ತೊಳೆದಿಟ್ಟು, ನಾಳೆಯ ದೋಸೆಗೆ ರುಬ್ಬಿಟ್ಟು, ಆಮೇಲೆ ಉತ್ತರಪತ್ರಿಕೆಗಳ ಕಟ್ಟು ಬಿಚ್ಚುವುದು ನನ್ನ 27 ವರ್ಷಗಳ ಅಭ್ಯಾಸ. ಮೊನ್ನೆ ಒಂಬತ್ತನೇ ತರಗತಿಯವರ ಇಂಗ್ಲಿಷ್ ಪತ್ರಿಕೆ ತಿದ್ದುತ್ತಿದ್ದೆ. ಪ್ರಬಂಧದ ವಿಷಯ ‘ಮೈ ಮದರ್’. ಒಟ್ಟು 41 ಮಕ್ಕಳು. ಆಶ್ಚರ್ಯವೆಂದರೆ ಅಷ್ಟೂ ಮಕ್ಕಳಿಗೆ ತಾಯಿ ಒಬ್ಬಳೇ! ಅವಳು ಬೆಳಗಿನ ಐದಕ್ಕೆ ಏಳುತ್ತಾಳೆ. ಹೌಸ್‌ವೈಫ್. ರುಚಿರುಚಿಯಾಗಿ ಅಡುಗೆ ಮಾಡುತ್ತಾಳೆ. ಮಕ್ಕಳನ್ನು ಕೂರಿಸಿಕೊಂಡು ಹೋಂವರ್ಕ್ ಮಾಡಿಸುತ್ತಾಳೆ. ಅವಳಿಗೆ ಸಿಟ್ಟೇ ಬರುವುದಿಲ್ಲ. ಕೊನೆಯ ಸಾಲಿನಲ್ಲಿ ಅವಳು ದೇವರು.

ಈ ಮಕ್ಕಳ ತಾಯಂದಿರನ್ನು ನಾನು ಬಲ್ಲೆ. ಪೋಷಕರ ಸಭೆಗೆ ಬಂದಾಗ ಹಿಂದಿನ ಬೆಂಚಿನ ತುದಿಯಲ್ಲಿ ಸೆರಗು ಬಿಗಿದುಕೊಂಡು ಕೂರುವವರು ಅವರು. ಒಬ್ಬಾಕೆ ಬಸ್‌ಸ್ಟ್ಯಾಂಡಿನಲ್ಲಿ ಮೊಳಹೂ ಮಾರುತ್ತಾಳೆ. ನಾಲ್ಕೈದು ಮಂದಿ ಕಾಫಿ ತೋಟದ ಕೆಲಸದವರು. ಒಬ್ಬಾಕೆ ಶಾಲೆಯಲ್ಲೇ ಬಿಸಿಯೂಟದ ಅಡುಗೆಯವಳು. ಇನ್ನೊಬ್ಬಳ ತಾಯಿ ತೀರಿಕೊಂಡು ಎರಡು ವರ್ಷವಾಯಿತು. ಆ ಹುಡುಗಿಯೂ ಬರೆದಿದ್ದಾಳೆ, ನನ್ನ ತಾಯಿ ದಿನಾ ಐದಕ್ಕೆ ಏಳುತ್ತಾಳೆ ಎಂದು. ಒಂದು ಕಾಗುಣಿತದ ತಪ್ಪಿಲ್ಲ. ನನ್ನ ಕೆಂಪು ಪೆನ್ನು ಅಲ್ಲಿಯೇ ನಿಂತಿತು.

ಇದು ಮಕ್ಕಳ ತಪ್ಪು ಎಂದು ನೀವು ತಿಳಿಯಬಾರದು. ತಪ್ಪು ಯಾರದು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಮೊದಲು ನನ್ನದನ್ನೇ ಹೇಳಿಬಿಡುತ್ತೇನೆ.

ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ಇದೇ ವಿಷಯಕ್ಕೆ ಲೈನ್ ಮನೆಯಿಂದ ಬರುತ್ತಿದ್ದ ಒಬ್ಬ ಹುಡುಗಿ ಬರೆದಿದ್ದಳು: ‘ಮೈ ಮದರ್ ನೋ ಹೌಸ್‌ವೈಫ್. ಶೀ ಗೋ ಎಸ್ಟೇಟ್. ಈವ್ನಿಂಗ್ ಕಮ್. ಲೆಗ್ ಪೇನ್. ಐ ಪ್ರೆಸ್. ಶೀ ಟೆಲ್ ಎನಫ್, ಯು ರೀಡ್.’ ಕಾಲು ಒತ್ತುತ್ತಿರುವ ಮಗಳಿಗೆ ‘ಸಾಕು, ಓದ್ಕೋ ಹೋಗು’ ಎನ್ನುವ ತಾಯಿ! ನಾನು ಏನು ಮಾಡಿದೆ ಗೊತ್ತೇ? ‘ಗೋ’ಗೆ ‘ಈಸ್’ ಸೇರಿಸಿದೆ, ಕ್ರಿಯಾಪದ ಇಲ್ಲದಲ್ಲೆಲ್ಲ ಕೆಂಪು ಸುತ್ತು ಹಾಕಿದೆ, ನಾಲ್ಕಕ್ಕೆ ಒಂದು ಅಂಕ ಕೊಟ್ಟೆ. ಪಕ್ಕದಲ್ಲಿ ‘ಚೆನ್ನಾಗಿ ಕಲಿತು ಬರೆ’ ಎಂದು ಷರಾ ಬೇರೆ. ಜಾಣ ಹುಡುಗಿ, ಕಲಿತಳು. ಮುಂದಿನ ಪರೀಕ್ಷೆಯಲ್ಲಿ ಗೈಡಿನ ಪ್ರಬಂಧವನ್ನು ಅಕ್ಷರ ಬಿಡದೆ ಇಳಿಸಿದಳು. ನಾಲ್ಕಕ್ಕೆ ನಾಲ್ಕು ಕೊಟ್ಟು ‘ಗುಡ್’ ಎಂದು ಬರೆದೆ. ಅವಳು ಆಮೇಲೆ ಎಂದೂ ತನ್ನ ಮಾತನ್ನು ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನು ಕಾಣಲಿಲ್ಲ.

ಇನ್ನು ರಜಾಚೀಟಿಯ ಕಥೆ. ನಮ್ಮ ಮಕ್ಕಳಿಗೆ ಗೊತ್ತಿರುವುದು ಒಂದೇ ಇಂಗ್ಲಿಷ್ ರಜಾಚೀಟಿ: ‘ಆಸ್ ಐ ಯಾಮ್ ಸಫರಿಂಗ್ ಫ್ರಮ್ ಫೀವರ್’. ಅಜ್ಜಿ ಸತ್ತರೂ ಜ್ವರ, ಅಕ್ಕನ ಮದುವೆಗೂ ಜ್ವರ, ಮಗುವನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದರೂ ಜ್ವರ. ತಿಂಗಳ ಹೊಟ್ಟೆನೋವಿಗೆ ರಜೆ ಹಾಕಿದ ಹುಡುಗಿಯರಿಗಂತೂ ಜ್ವರ ಬಿಟ್ಟು ಬೇರೆ ಕಾಯಿಲೆಯೇ ಇಲ್ಲ. ಸ್ಟಾಫ್ ರೂಮಿನಲ್ಲಿ ಈ ಚೀಟಿಗಳನ್ನು ಓದಿ ನಗುತ್ತೇವೆ, ನಾನೂ ನಕ್ಕಿದ್ದೇನೆ. ಆದರೆ ಯೋಚಿಸಿ ನೋಡಿ: ಆ ಮಗು ಇಂಗ್ಲಿಷಿನಲ್ಲಿ ಬರೆದ ಮೊದಲ ಪತ್ರವೇ ಸುಳ್ಳು. ಹೇಳಿಕೊಟ್ಟವರು ನಾವು.

ಹೀಗೇಕಾಯಿತು? ಲೆಕ್ಕ ಸರಳವಾಗಿದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 100 ಅಂಕ. 80 ಬರವಣಿಗೆಯ ಪರೀಕ್ಷೆಗೆ, 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಈಚಿನ ಪತ್ರಿಕೆಗಳಲ್ಲಿ ಪತ್ರಕ್ಕೆ 5, ಪ್ರಬಂಧಕ್ಕೆ 4. ಫಲಿತಾಂಶ ಇಳಿದರೆ ಮುಖ್ಯೋಪಾಧ್ಯಾಯರಿಗೆ ಮೇಲಿನಿಂದ ಪ್ರಶ್ನೆ, ನಮಗೆ ಮುಖ್ಯೋಪಾಧ್ಯಾಯರಿಂದ ಪ್ರಶ್ನೆ. ಆದ್ದರಿಂದ ಜೂನ್‌ನಲ್ಲೇ ‘ಬರಬಹುದಾದ ಪ್ರಬಂಧಗಳು’ ಎಂದು ಹತ್ತನ್ನು ಬೋರ್ಡಿನ ಮೇಲೆ ಬರೆಸುತ್ತೇವೆ. ಗ್ರಂಥಾಲಯದ ಮಹತ್ವ, ಪರಿಸರ ಮಾಲಿನ್ಯ, ರಾಷ್ಟ್ರೀಯ ಹಬ್ಬಗಳು, ಮೊಬೈಲಿನ ಸಾಧಕ ಬಾಧಕ. ಗ್ರಂಥಾಲಯದ ಒಳಗೆ ಕಾಲಿಡದ ಮಗು ಗ್ರಂಥಾಲಯವು ಜ್ಞಾನದ ಭಂಡಾರ ಎನ್ನುತ್ತದೆ.

ಆಂತರಿಕ ಅಂಕದ ಅಸೈನ್‌ಮೆಂಟ್ ಎಂದರೆ ಇನ್ನೊಂದು ನಾಟಕ. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ. ಮಗು ತಾನೇ ನೋಡಿ, ಕೇಳಿ, ಬರೆಯಲಿ ಎಂಬುದು ಅದರ ಉದ್ದೇಶ. ನಡೆಯುವುದೇನು? ರಾತ್ರಿ ಹತ್ತು ಗಂಟೆಗೆ ಅಮ್ಮ ಗೋಂದು ಹಚ್ಚುತ್ತಾಳೆ, ಅಪ್ಪ ಝೆರಾಕ್ಸ್ ಅಂಗಡಿಯಿಂದ ಬಣ್ಣದ ಚಿತ್ರ ತರುತ್ತಾನೆ, ಅಕ್ಕ ಮೊಬೈಲ್ ನೋಡಿ ದುಂಡಗೆ ಬರೆದುಕೊಡುತ್ತಾಳೆ. ಮಗು ಮಲಗಿರುತ್ತದೆ! ಈಗಂತೂ ಮೊಬೈಲಿಗೆ ವಿಷಯ ಹೇಳಿದರೆ ಸಾಕು, ಅದೇ ಪ್ರಬಂಧ ಬರೆದು ಕೊಡುತ್ತದೆ. ಅದನ್ನು ಬೈಯುವ ನೈತಿಕ ಹಕ್ಕು ನಮಗಿದೆಯೇ? ಅದು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ನಾವು ಮಕ್ಕಳ ಕೈಯಿಂದ ಅವರ ಮಾತನ್ನು ಕಿತ್ತುಕೊಂಡು ಬೇರೆಯವರ ಮಾತನ್ನು ಇಟ್ಟಾಗಿತ್ತು.

ಕಂಠಪಾಠ ಬಿಡಬೇಕೆಂದು ದೊಡ್ಡವರು ಹೇಳದೆ ಇಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಿಕೆಯನ್ನು ಬಾಯಿಪಾಠದಿಂದ ಬಿಡಿಸಿ, ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದು ಸ್ಪಷ್ಟವಾಗಿಯೇ ಹೇಳಿತು. ನಾವು ತರಬೇತಿಗೆ ಹೋದೆವು, ಟೀ ಕುಡಿದೆವು, ಅದನ್ನೂ ನೋಟ್ಸ್ ಮಾಡಿಕೊಂಡು ಬಂದೆವು. ಇತ್ತ ನಾಡಿನಲ್ಲಿ ಕನ್ನಡವೋ ಇಂಗ್ಲಿಷೋ ಎಂಬ ಜಗಳ ಜೋರಾಗಿ ನಡೆಯಿತು. ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯ ಮಾಡುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ತರಗತಿಗಳು ಶುರುವಾದವು. ಯಾವ ಭಾಷೆಯಲ್ಲಿ ಬರೆಯಬೇಕು ಎಂದು ಇಷ್ಟು ಜಗಳವಾಡಿದ ನಾವು, ಮಗುವಿಗೆ ಹೇಳಲು ಏನಿದೆ ಎಂದು ಒಮ್ಮೆಯಾದರೂ ಕೇಳಿದೆವೇ?

ನನ್ನ ಸಹೋದ್ಯೋಗಿಗಳು ಹೇಳುತ್ತಾರೆ: “ಮೇಡಂ, ಇವು ಮನೆಯಲ್ಲಿ ಇಂಗ್ಲಿಷಿನ ಗಂಧಗಾಳಿ ಇಲ್ಲದ ಮಕ್ಕಳು. ಬಾಯಿಪಾಠ ಮಾಡಿಯಾದರೂ ಪಾಸಾಗಲಿ ಬಿಡಿ.” ಈ ಮಾತಿನಲ್ಲಿ ಕರುಣೆ ಇದೆ, ಅಲ್ಲಗಳೆಯುವುದಿಲ್ಲ. ಫೇಲಾದ ಹುಡುಗಿಗೆ ಮರುವರ್ಷವೇ ಗಂಡು ಹುಡುಕುವ ಮನೆಗಳನ್ನು ನಾನೂ ಕಂಡಿದ್ದೇನೆ. ಆದರೆ ಹೀಗೆ ಪಾಸಾದವರ ಕಥೆ ಕೇಳಿ. ಇಂಗ್ಲಿಷಿನಲ್ಲಿ 90ರ ಮೇಲೆ ಅಂಕ ತೆಗೆದಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಕೆಲಸಕ್ಕಿದ್ದಾಳೆ. ದೀಪಾವಳಿ ರಜೆಗೆ ಬಂದವಳು ಮನೆಗೆ ಬಂದಳು. ಹಾಸ್ಟೆಲಿನ ಬಚ್ಚಲಿಗೆ ಚಿಲಕವಿಲ್ಲ, ಅದಕ್ಕೆ ಮ್ಯಾನೇಜರಿಗೆ ಇಂಗ್ಲಿಷಿನಲ್ಲಿ ಅರ್ಜಿ ಕೊಡಬೇಕಂತೆ. “ಮಿಸ್, ಇಂಥ ಲೆಟರು ಯಾವ ಗೈಡಲ್ಲಿದೆ?” ಎಂದು ಕೇಳಿದಳು. ಬಾಗಿಲಿಗೆ ಚಿಲಕವಿಲ್ಲ, ಹಾಕಿಸಿಕೊಡಿ. ಎರಡು ವಾಕ್ಯ. ಹತ್ತು ಪ್ರಬಂಧಗಳನ್ನು ಉರು ಹೊಡೆದ ಹುಡುಗಿಗೆ ಆ ಎರಡು ವಾಕ್ಯವನ್ನು ಸ್ವಂತವಾಗಿ ಬರೆಯುವ ಧೈರ್ಯವಿರಲಿಲ್ಲ. ನಾನು ಅವಳನ್ನು ಪಾಸು ಮಾಡಿಸಿದ್ದೆ, ಸರಿ. ಕಲಿಸಿದ್ದೆನೇ?

ಬಾಯಿಪಾಠವೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಪದ್ಯ ಕಲಿಯಲಿ, ಮಗ್ಗಿ ಕಲಿಯಲಿ. ಕವಿಯ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಆಸ್ತಿ. ಆದರೆ ‘ನನ್ನ ತಾಯಿ’, ‘ನನ್ನ ಊರು’, ‘ನನ್ನ ಆಸೆ’ ಎಂಬುದನ್ನೂ ಇನ್ನೊಬ್ಬರಿಂದ ಬಾಯಿಪಾಠ ಮಾಡುವುದೆಂದರೆ ಏನರ್ಥ? ನಿನ್ನ ಬದುಕು ಬರೆಯಲು ಯೋಗ್ಯವಲ್ಲ ಎಂದು ಹೇಳಿದಂತಲ್ಲವೇ? ಹೆಣ್ಣುಮಕ್ಕಳಿಗೆ ಈ ಪಾಠ ಮನೆಯಲ್ಲೂ ಸಿಗುತ್ತದೆ. ಶಾಲೆಯೂ ಹೇಳಿಕೊಡಬೇಕೇ? ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆ ಆರಂಭಿಸಿ ತಾವೇ ಬರೆದು ಪ್ರಕಟಿಸಿದರು. ಪೆನ್ನು ಹಿಡಿಯುವುದೇ ಹೋರಾಟವಾಗಿದ್ದ ಕಾಲ ಅದು. ನಾವು ಮಕ್ಕಳಿಗೆ ಪೆನ್ನನ್ನು ಧಾರಾಳವಾಗಿ ಕೊಟ್ಟು, ಮಾತನ್ನು ಕಸಿದಿದ್ದೇವೆ.

ಈಗ ನಾನು ಮಾಡುತ್ತಿರುವುದು ದೊಡ್ಡ ಕ್ರಾಂತಿಯೇನಲ್ಲ. ವಾರಕ್ಕೊಂದು ದಿನ ಐದು ವಾಕ್ಯ, ಸ್ವಂತದ್ದು. ಮೊದಲು ಕನ್ನಡದಲ್ಲಿ ಪಕ್ಕದವಳಿಗೆ ಹೇಳಬೇಕು, ಆಮೇಲೆ ಗೊತ್ತಿರುವ ಇಂಗ್ಲಿಷಿನಲ್ಲಿ ಬರೆಯಬೇಕು. ಗೊತ್ತಿಲ್ಲದ ಪದಕ್ಕೆ ಕನ್ನಡ ಪದವನ್ನೇ ಇಡಬಹುದು. ನಾನು ಮೊದಲು ವಿಷಯಕ್ಕೆ ಅಂಕ ಕೊಡುತ್ತೇನೆ. ಎರಡನೇ ಸಲ ಬರೆಯುವಾಗ ಮೂರೇ ತಪ್ಪು ತೋರಿಸುತ್ತೇನೆ. 41 ಪುಸ್ತಕ ಹೀಗೆ ತಿದ್ದುವುದು ಕಷ್ಟ, ಕೆಲವು ವಾರ ತಪ್ಪಿಯೂ ಹೋಗುತ್ತದೆ. ಹೊಳಪಿನ ಇಂಗ್ಲಿಷ್ ಯಾರಿಗೂ ಬಂದಿಲ್ಲ. ಆದರೆ ಹೋದ ತಿಂಗಳು ಎಂಟನೇ ತರಗತಿಯ ಹುಡುಗಿಯೊಬ್ಬಳು ರಜಾಚೀಟಿ ತಂದಳು: ‘ಮೈ ಅಜ್ಜಿ ಡೈಡ್. ಐ ಕ್ರೈ. ಸೋ ನಾಟ್ ಕಮ್.’ ಜ್ವರವಿಲ್ಲದ ಮೊದಲ ಚೀಟಿ! ರಜೆ ಮಂಜೂರು ಮಾಡಿ, ಚೀಟಿಯನ್ನು ನನ್ನ ಡೈರಿಯಲ್ಲಿ ಇಟ್ಟುಕೊಂಡಿದ್ದೇನೆ.

ಕೊನೆಯದಾಗಿ ತಾಯಂದಿರಿಗೆ ಒಂದು ಮಾತು. “ಟೀಚರಮ್ಮ, ನೀವು ನೋಟ್ಸ್ ಕೊಡೋದಿಲ್ವಂತೆ” ಎಂದು ದೂರು ತರುವವರು ನೀವೇ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ಇವತ್ತು ಸಂಜೆ ಮಗಳ ಪುಸ್ತಕ ತೆಗೆಸಿ, ‘ಮೈ ಮದರ್’ ಎಂದು ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳೆಂದು ಕೇಳಿ. ಆ ಐದಕ್ಕೆ ಏಳುವ, ಸಿಟ್ಟೇ ಬಾರದ, ಕಾಲು ನೋಯದ ಹೆಂಗಸು ನೀವೇನಾ? ಅಲ್ಲವೆಂದಾದರೆ ಮಗಳನ್ನು ಬೈಯಬೇಡಿ. ಶಾಲೆಗೆ ಬಂದು ನನ್ನನ್ನು ಕೇಳಿ, ನನ್ನ ಮಗಳ ಪ್ರಬಂಧದಲ್ಲಿ ನಾನೆಲ್ಲಿ ಎಂದು.